ಅರ್ಧ ಬಾವಿಯ ಮನೆ

ಕಡೂರು
14-11-1982

ದ್ಯಾಮಿ,

ಎಂಟು ವರ್ಷದ ಮೇಲೆ ನನ್ನ ಅಕ್ಷರ ನೋಡುತ್ತಿದ್ದೀಯ. ಈ ಕಾಗದವನ್ನು ಒಲೆಗೆ ಹಾಕುವುದಿದ್ದರೂ ಓದಿ ಹಾಕು.

ಮೊನ್ನೆ ಬೀರೂರು ಸ್ಟೇಷನ್ನಿನಲ್ಲಿ ಶಕುಂತಲಮ್ಮ ಸಿಕ್ಕಿದ್ದಳು, ನಮ್ಮ ಜೊತೆ ಟೀಚರ್ ಟ್ರೈನಿಂಗ್ ಮಾಡಿದವಳು. ನಿನಗೆ ತರೀಕೆರೆ ಸ್ಕೂಲಿಗೆ ವರ್ಗವಾಗಿದೆ, ದಿನಾ ಅಜ್ಜಂಪುರದಿಂದ ಬಸ್ಸಿನಲ್ಲಿ ಓಡಾಡುತ್ತೀಯ, ತರೀಕೆರೆಯಲ್ಲಿ ಎಷ್ಟು ಹುಡುಕಿದರೂ ಬಾಡಿಗೆಗೆ ಮನೆ ಸಿಗಲಿಲ್ಲ ಅಂದಳು. ಯಾಕೆ ಸಿಗಲಿಲ್ಲ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ತರೀಕೆರೆಯಲ್ಲಿ ನನ್ನದೊಂದು ಮನೆ ಇದೆ. ನಮ್ಮಪ್ಪ ಪಂಚಾಕ್ಷರಪ್ಪನವರು ಸಾಯುವ ಮುಂಚೆ ನನ್ನ ಹೆಸರಿಗೆ ಖಾತೆ ಮಾಡಿಸಿದ್ದು. ಪಕ್ಕದ ಮನೆ ಚಿಕ್ಕಪ್ಪ ತೀರ್ಥಪ್ಪನವರದು. ಹಿಂದೆ ಎರಡೂ ಸೇರಿ ಒಂದೇ ಮನೆ. ಅಣ್ಣತಮ್ಮ ಪಾಲಾದಾಗ ನಡುವೆ ಗೋಡೆ ಎಬ್ಬಿಸಿದರು. ಹಿತ್ತಲ ಬಾವಿಯನ್ನು ಪಾಲು ಮಾಡುವುದು ಹೇಗೆ? ಬಾವಿಯ ಬಾಯಿಗೆ ಅಡ್ಡಲಾಗಿ ಕಲ್ಲಿನ ತೊಲೆ ಹಾಕಿ, ಅದರ ಮೇಲೇ ಗೋಡೆ ಕಟ್ಟಿದರು. ಅರ್ಧ ಬಾಯಿ ಅವರ ಹಿತ್ತಲಲ್ಲಿ, ಅರ್ಧ ನಮ್ಮ ಹಿತ್ತಲಲ್ಲಿ. ಕೆಳಗೆ ನೀರು ಒಂದೇ.

ಮನೆ ಹಾಳುಬಿದ್ದಿದೆ. ನಮ್ಮ ಯಜಮಾನರು ಮಾರಿ ಬಿಸಾಕು ಅನ್ನುತ್ತಾರೆ. ಅವರಿಗೆ ಕೊಬ್ಬರಿ ಮಂಡಿಯಲ್ಲಿ ಕೂತು ಕೂತು ಎಲ್ಲವೂ ಮಾರುವ ವಸ್ತುವಾಗಿಯೇ ಕಾಣುತ್ತದೆ. ನಾನು ಮಾರುವುದಿಲ್ಲ. ರಿಪೇರಿ ಮಾಡಿಸಿ ಬಾಡಿಗೆಗೆ ಕೊಡುತ್ತೇನೆ. ಮದುವೆಯಾಗಿ ನೌಕರಿ ಬಿಟ್ಟ ಮೇಲೆ ನನ್ನ ಸೀರೆಯ ಬಣ್ಣವನ್ನೂ ಇನ್ನೊಬ್ಬರೇ ಆರಿಸುತ್ತಿದ್ದಾರೆ. ಆ ಬಾಡಿಗೆಯಾದರೂ ನನ್ನದು ಅನ್ನುವಂತೆ ನನ್ನ ಕೈಗೆ ಬರಲಿ.

ಉಗ್ರಪ್ಪ ಅನ್ನುವ ಮೇಸ್ತ್ರಿಗೆ ಕೆಲಸ ಒಪ್ಪಿಸಿದ್ದೇನೆ. ಸಂಕ್ರಾಂತಿಗೆ ಮುಗಿಸಿ ಕೊಡುತ್ತೇನೆ ಅಂದಿದ್ದಾನೆ. ಮನೆ ನಿನಗೇ. ಆದರೆ ನನ್ನನ್ನು ಇಲ್ಲಿಂದ ಅಷ್ಟು ಸಲೀಸಾಗಿ ಕಳಿಸುವುದಿಲ್ಲ. ಸ್ಕೂಲು ಬಿಟ್ಟ ಮೇಲೆ ನೀನೇ ಒಂದು ಗಳಿಗೆ ಹೋಗಿ ನೋಡುತ್ತಿರಬೇಕು.

ಮಲ್ಲಿಕಾಂಬ


ಅಜ್ಜಂಪುರ
22-11-1982

ಮಲ್ಲಿ,

ಒಲೆಗೆ ಹಾಕಲಿಲ್ಲ. ನಿನ್ನ ಮದುವೆಯ ದಿನ ನನಗೆ ಎಲ್ಲಿ ಎಲೆ ಹಾಕಿದರು ಅನ್ನುವ ಮಾತನ್ನು ನಾನು ಎತ್ತುವುದಿಲ್ಲ. ನೀನೂ ಎತ್ತಬೇಡ. ಎತ್ತಿದರೆ ಮನೆಯ ವಿಷಯ ಅಲ್ಲಿಗೇ ನಿಲ್ಲುತ್ತದೆ, ಮತ್ತು ನನಗೆ ಮನೆ ಬೇಕು.

ಕೆಲಸ ಮಾಡುವ ಊರಿನಲ್ಲೇ ವಾಸವಿರಬೇಕು ಅನ್ನುವ ಆರ್ಡರನ್ನು ಹೆಡ್‌ಮಾಸ್ತರು ನನಗೊಬ್ಬಳಿಗೆ ಮಾತ್ರ ಓದಿ ಹೇಳಿದ್ದಾರೆ. ಜೂನ್‌ನಲ್ಲಿ ಸ್ಕೂಲು ಶುರುವಾಗುವ ಹೊತ್ತಿಗೆ ತರೀಕೆರೆಯ ವಿಳಾಸ ಕೊಡದಿದ್ದರೆ, ಲಿಂಗದಹಳ್ಳಿಯಿಂದಾಚೆ ಕಾಡಂಚಿನ ಒಂಟಿ ಟೀಚರ್ ಸ್ಕೂಲಿಗೆ ನನ್ನನ್ನು ಹಾಕಿಸುತ್ತಾರಂತೆ. ಅಲ್ಲಿಗೆ ಬಸ್ಸಿಲ್ಲ. ನಮ್ಮವ್ವ ಪಾಪಮ್ಮನಿಗೆ ಕಣ್ಣು ಮಂಜಾಗಿದೆ. ಅವಳನ್ನು ಅಲ್ಲಿ ಯಾರ ಕೈಗೆ ಕೊಟ್ಟು ಪಾಠ ಮಾಡಲಿ?

ತರೀಕೆರೆಯಲ್ಲಿ ಮನೆ ಕೇಳುವುದು ಹೇಗಿರುತ್ತದೆ ಗೊತ್ತಾ? "ಅಡ್ವಾನ್ಸು ಆಮೇಲಾಯ್ತು ಬಿಡಿ ಮೇಡಂ, ತಾವು ಯಾವ ಪೈಕಿ?" ನಾನು ಹೇಳುತ್ತೇನೆ. ತಕ್ಷಣ ಅವರ ಅಣ್ಣನ ಮಗ ಮೈಸೂರಿನಿಂದ ಆ ಮನೆಗೆ ವಾಸಕ್ಕೆ ಬರುವುದು ನೆನಪಾಗುತ್ತದೆ. ಈ ಊರಿನ ಪ್ರತಿ ಖಾಲಿ ಮನೆಗೂ ಒಬ್ಬೊಬ್ಬ ಅಣ್ಣನ ಮಗ ಬರುತ್ತಿದ್ದಾನೆ. ಮೈಸೂರು ಖಾಲಿಯಾಗಿರಬೇಕು.

ನಿನ್ನ ಮನೆ ನೋಡಿದೆ. ಮೇಸ್ತ್ರಿ ಕೆಲಸ ಶುರು ಮಾಡಿದ್ದಾನೆ. ಹೆಂಚನ್ನೆಲ್ಲ ಇಳಿಸಿ ಅಂಗಳದಲ್ಲಿ ಪೇರಿಸಿದ್ದಾನೆ. ಪೇರಿಸಿ ಎಲ್ಲೋ ಹೋಗಿದ್ದಾನೆ. ಒಳಗೆ ನಿಂತರೆ ಆಕಾಶ ಕಾಣುತ್ತದೆ. ಅಡುಗೆಮನೆಯಲ್ಲಿ ಒಂದು ನಾಯಿ ಮರಿ ಹಾಕಿದೆ. ಸದ್ಯಕ್ಕೆ ನಿನ್ನ ಬಾಡಿಗೆದಾರಳು ಅದೇ. ಅದನ್ನು ಯಾರೂ ಯಾವ ಪೈಕಿ ಅಂತ ಕೇಳಿಲ್ಲ.

ದ್ಯಾಮಮ್ಮ


ಕಡೂರು
6-12-1982

ದ್ಯಾಮಿ,

ಉಗ್ರಪ್ಪನಿಗೆ ಹೇಳಿ ಕಳಿಸಿ ಕಳಿಸಿ ಸಾಕಾಯಿತು. ಚೌಳಹಿರಿಯೂರಿನಲ್ಲಿ ಅವನ ಷಡ್ಡಕ ತೀರಿಕೊಂಡನಂತೆ. ಸರಿ ಪಾಪ ಅಂದುಕೊಂಡೆ. ಮತ್ತೆ ಕಳಿಸಿದರೆ ಮತ್ತೆ ಷಡ್ಡಕನೇ ತೀರಿಕೊಂಡಿದ್ದಾನೆ. ಅವನ ಹೆಂಡತಿಗೆ ಎಷ್ಟು ಜನ ಅಕ್ಕತಂಗಿಯರು ಅಂತ ವಿಚಾರಿಸಿದೆ. ಒಬ್ಬಳೇ ತಂಗಿ.

ಇವನ ಸಹವಾಸ ಬೇಡ ಅಂತ ಇಲ್ಲಿಯ ಹನುಮಂತಪ್ಪ ಮೇಸ್ತ್ರಿಯನ್ನು ಕರೆಸಿದೆ. ಒಳ್ಳೆಯ ಮನುಷ್ಯ. ಕಾಫಿ ಕುಡಿಯುತ್ತಾ ಎಲ್ಲ ಕೇಳಿಸಿಕೊಂಡು, "ಹೆಂಚಿಳಿಸಿದ್ದು ಯಾರು ತಾಯಿ?" ಅಂದ.

"ಉಗ್ರಪ್ಪ."

ಲೋಟ ಕೆಳಗಿಟ್ಟ. "ಹಂಗಾದ್ರೆ ನನ್ ಕೈಲಾಗಲ್ಲ ಕಣಮ್ಮ. ಒಬ್ಬ ಹೆಂಚಿಳಿಸಿದ ಮನೇಲಿ ಇನ್ನೊಬ್ಬ ಮೇಸ್ತ್ರಿ ಕರಣೆ ಹಿಡಿಯಾಕಿಲ್ಲ. ಅವನೇ ಬಂದು ಎಲೆಅಡಿಕೆ ಕೊಟ್ಟು, ನೀನು ಮಾಡ್ಕಳಪ್ಪ ಅಂತ ಬಿಟ್ಕೊಡ್ಬೇಕು."

"ಅವನು ಬರೋದೇ ಇಲ್ಲವಲ್ಲ."

"ಬಂದಾಗ ಬಿಟ್ಕೊಡ್ತಾನೆ ಬಿಡಿ."

ಈಗ ಅರ್ಥವಾಯಿತು ನೋಡು. ಮೊದಲ ದಿನವೇ ಹೆಂಚಿಳಿಸುವುದು ಕೆಲಸ ಶುರು ಮಾಡುವುದಕ್ಕಲ್ಲ, ಮನೆಗೆ ಬೇಲಿ ಹಾಕುವುದಕ್ಕೆ. ಆಮೇಲೆ ಅವನು ಯಾವಾಗ ಬಂದರೂ ಮನೆ ಅವನಿಗೆ ಕಾದುಕೊಂಡು ಬಿದ್ದಿರುತ್ತದೆ. ಇಂಥವು ಅವನಿಗೆ ಇನ್ನೆಷ್ಟಿವೆಯೋ, ಬೋಳು ತಲೆಯ ಮನೆಗಳು. ಯಜಮಾನರು ನಗುತ್ತಾರೆ. "ನಿಂದೇ ವ್ಯವಹಾರ ತಾನೆ, ನೀನೇ ನೋಡ್ಕ" ಅನ್ನುತ್ತಾರೆ.

ನಿನ್ನ ಗಂಟಲು ನನಗಿಂತ ದೊಡ್ಡದು. ಒಂದು ಸಲ ಉಪಯೋಗಿಸು.

ಮಲ್ಲಿಕಾಂಬ


ಅಜ್ಜಂಪುರ
27-1-1983

ಮಲ್ಲಿ,

ಗಂಟಲು ಉಪಯೋಗಿಸಿದೆ. ಉಗ್ರಪ್ಪ ಲಿಂಗದಹಳ್ಳಿ ರಸ್ತೆಯಲ್ಲಿ ಇನ್ನೊಬ್ಬರ ಮನೆಯ ಗೋಡೆಗೆ ಕಟ್ಟಿದ ಸಾರುವೆ ಮೇಲೆ ಕೂತು ಬೀಡಿ ಸೇದುತ್ತಿದ್ದ. ಕೆಳಗೆ ನಿಂತು ಕೂಗಿದೆ.

"ಏನ್ ಮೇಸ್ತ್ರಿ, ಸಂಕ್ರಾಂತಿ ಹೋಯ್ತಲ್ಲ."

"ಯಾವ ವರ್ಷದ ಸಂಕ್ರಾಂತಿ ಅಂತ ನಾನು ಹೇಳಿದ್ನಾ ಟೀಚರಮ್ಮ?"

ಮಕ್ಕಳು ಇಂಥ ಉತ್ತರ ಕೊಟ್ಟರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ. ಇವನು ಆಗಲೇ ಸಾರುವೆ ಮೇಲಿದ್ದಾನೆ. ಆ ಮನೆಯವರೆಲ್ಲ ಆಚೆ ಬಂದು ನೋಡುವವರೆಗೂ ಕೂಗಿದೆ. ಮಾರನೇ ದಿನ ಬಂದ. ಮಾಡಿಗೆ ಪಕಾಸು, ರೀಪು ಹೊಡೆದ. ಮುಂದಿನ ಕೋಣೆಗೆ ಕಿಟಕಿ ನಿಲ್ಲಿಸಿದ. ನಿಲ್ಲಿಸಿದ ಅನ್ನಬಾರದು, ಒರಗಿಸಿದ.

"ಕಿಟಕಿ ವಾಲಿದೆಯಲ್ಲ ಮೇಸ್ತ್ರಿ."

"ಕಿಟಕಿ ಸರಿಯಾಗೈತೆ. ಮನೆ ವಾಲೈತೆ."

ದಾರಕ್ಕೆ ಕಟ್ಟಿದ ತೂಕದ ಗುಂಡು ಹಿಡಿದು ನೋಡು ಅಂದರೆ ಗುಂಡು ಶಿವನಿಯ ಕೆಲಸದಲ್ಲಿ ಬಿಟ್ಟು ಬಂದಿದ್ದೇನೆ ಅನ್ನುತ್ತಾನೆ. ಗಾರೆ ಮಾಡು ಅಂದರೆ ಸಿಮೆಂಟಿಗೆ ಪರ್ಮಿಟ್ಟು ಸಿಕ್ಕಿಲ್ಲ. ಸಿಮೆಂಟು ಬರುವವರೆಗೆ ನೆಲ ಮಾಡು ಅಂದರೆ ನೆಲ ಮಾಡುವ ಜನ ಬೇರೆ.

ಗಾರೆ ಕಲಸುವ ಹೆಣ್ಣಾಳು ಯಲ್ಲಮ್ಮ ನಮ್ಮ ಜನವೇ. ದಿನಾ ಬೆಳಗ್ಗೆ ಬಂದು ಜಗಲಿಯ ಕೆಳಗೆ ಕಾಯುತ್ತಾಳೆ. ಅವನು ಬಂದರೆ ಕೂಲಿ, ಬರದಿದ್ದರೆ ಇಲ್ಲ. "ಇವ್ನು ಗಂಡ ಆಗಿದ್ದಿದ್ರೆ ಯಾವತ್ತೋ ಬಿಟ್ಟೋಗಿರೋಳು ಅಕ್ಕಾ. ಮೇಸ್ತ್ರಿ ಆಗೋದ್ನಲ್ಲ" ಅಂದಳು. ನೀನೂ ನಾನೂ ಇವನಿಂದ ಕಷ್ಟಪಡುತ್ತಿದ್ದೇವೆ ಅಂತ ಕಾಗದ ಬರೆದುಕೊಳ್ಳುತ್ತಿದ್ದೇವೆ. ಅವಳು ಯಾರಿಗೆ ಬರೆಯಬೇಕು?

ದ್ಯಾಮಮ್ಮ


ಕಡೂರು
8-2-1983

ದ್ಯಾಮಿ,

ನಿನ್ನ ಕಾಗದ ಓದಿ ನಕ್ಕೆ. ನಮ್ಮತ್ತೆ ಕಲ್ಲಮ್ಮನವರು "ಒಬ್ಬೊಬ್ಳೇ ಯಾಕೆ ನಗ್ತೀಯೇ" ಅಂತ ಎರಡು ಸಲ ಬಂದು ನೋಡಿ ಹೋದರು. ಉಗ್ರಪ್ಪನನ್ನು ಬಗ್ಗಿಸಿದ್ದು ನೀನೇ. ಮಾಡಿಗೆ ಹೆಂಚು ಏರಿತು ಅಂತ ಚಿಕ್ಕಪ್ಪನ ಮನೆಯಿಂದ ಸುದ್ದಿ ಬಂತು. ಯಾರೋ ಟೀಚರಮ್ಮ ನಿಂತು ಕೆಲಸ ಮಾಡಿಸುತ್ತಿದ್ದಾರೆ, ಗಟ್ಟಿಗಿತ್ತಿ ಅಂತ ವಿಮಲಮ್ಮ ಚಿಕ್ಕಮ್ಮ ಹೊಗಳಿದರಂತೆ.

ಇನ್ನೊಂದು ಮಾತು. ಚಿಕ್ಕಮ್ಮನಿಗೆ ಎಲ್ಲ ಕೇಳಿ ತಿಳಿದುಕೊಳ್ಳುವ ಚಪಲ. ಕೇಳಿದರೆ, ಮಲ್ಲಿಕಾಂಬನ ಕಡೆಯವರು ಅಂದುಬಿಡು. ಅದು ಸುಳ್ಳೇನಲ್ಲವಲ್ಲ. ಒಳಗೆ ಬಂದು ಒಲೆ ಹಚ್ಚಿದ ಮೇಲೆ ಯಾರೇನು ಮಾಡುತ್ತಾರೆ? ನಾನು ಹೇಳುತ್ತಿರುವುದು ನಿನ್ನ ಒಳ್ಳೆಯದಕ್ಕೇ.

ಬಚ್ಚಲಿಗೆ ಕಲ್ಲು ಹಾಸಿಸುವುದನ್ನು ಮರೆಯಬೇಡ. ಬಾವಿಯ ರಾಟೆಗೆ ಎಣ್ಣೆ ಬಿಡಿಸು.

ಮಲ್ಲಿಕಾಂಬ


ಅಜ್ಜಂಪುರ
6-3-1983

ಮಲ್ಲಿ,

ನೀನು ಹೇಳಿಕೊಟ್ಟ ಉತ್ತರ ಉಪಯೋಗಕ್ಕೆ ಬರಲಿಲ್ಲ. ಬಂದರೂ ನಾನು ಹೇಳುವವಳಲ್ಲ, ಅದು ನಿನಗೆ ಗೊತ್ತಿರಬೇಕಿತ್ತು.

ಶುಕ್ರವಾರ ಯಲ್ಲಮ್ಮ ಮರಳು ಜರಡಿ ಹಿಡಿಯುತ್ತಿದ್ದಳು. ಗೋಡೆಗೆ ನೀರು ಹೊಡೆಯಬೇಕು ಅಂತ ಉಗ್ರಪ್ಪ ಕೂಗುತ್ತಿದ್ದ. ನಾನೇ ಬಾವಿಗೆ ಹೋಗಿ ಸೇದಿದೆ. ಗೋಡೆಯ ಆಚೆಯಿಂದ ನಿನ್ನ ಚಿಕ್ಕಮ್ಮನ ದನಿ ಬಂತು.

"ಯಾರದು, ಯಲ್ಲಮ್ಮನಾ?"

"ಅಲ್ಲ, ಟೀಚರು."

"ಓ, ಟೀಚರಮ್ಮನಾ. ಬನ್ನಿ ಬನ್ನಿ, ನಮ್ಗೂ ಒಂದು ಜೊತೆ ಆಯ್ತು. ತಾವು ಯಾವ ಪೈಕಿ?"

ನನ್ನ ಕೇರಿಯ ಹೆಸರು ಹೇಳಿದೆ. ಆ ಕಡೆಯ ಹಗ್ಗ ನಿಂತುಹೋಯಿತು. ಆಮೇಲೆ, ಮೇಲೆಳೆದಿದ್ದ ಕೊಡವನ್ನು ವಾಪಸ್ಸು ಬಾವಿಗೇ ಸುರಿದ ಸದ್ದು ಕೇಳಿತು.

ಯಲ್ಲಮ್ಮ ಸಂಕ್ರಾಂತಿ ಆದಾಗಿನಿಂದ ಅದೇ ಬಾವಿಯಲ್ಲಿ ಸೇದುತ್ತಿದ್ದಾಳೆ. ಅವಳು ಯಾರು ಅಂತ ನಿನ್ನ ಚಿಕ್ಕಮ್ಮನಿಗೆ ಗೊತ್ತು. ಕೆಲಸ ಮುಗಿದ ಮೇಲೆ ಮಠದಿಂದ ತೀರ್ಥ ತಂದು ಬಾವಿಗೆ ಹಾಕಿದರಾಯಿತು ಅಂತ ಲೆಕ್ಕವಂತೆ, ಯಲ್ಲಮ್ಮನ ಎದುರಿಗೇ ಹೇಳಿದ್ದಾರೆ. ಗಾರೆಗೆ ಸೇದಿದರೆ ಮೈಲಿಗೆ ಇಲ್ಲ, ಅನ್ನಕ್ಕೆ ಸೇದಿದರೆ ಇದೆ. ಯಾಕೆ ಹೇಳು? ಗಾರೆ ಕಲಸುವವಳು ಮನೆ ಮುಗಿದ ಮೇಲೆ ಹೋಗುತ್ತಾಳೆ. ನಾನು ಮನೆ ಮುಗಿದ ಮೇಲೆ ಬರುತ್ತೇನೆ.

ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಹೋದರೆ ಕೆಲಸ ನಿಂತಿದೆ. ಉಗ್ರಪ್ಪ ಹಾರೆ, ಬಾಂಡ್ಲಿ ಎಲ್ಲ ಕಟ್ಟುತ್ತಿದ್ದ. ಇಷ್ಟು ದಿನ "ಬನ್ನಿ ಟೀಚರಮ್ಮ" ಅನ್ನುತ್ತಿದ್ದವನು ತಲೆ ಎತ್ತದೆ "ಏನ್ ಬಂದೆ" ಅಂದ. ಸಿಮೆಂಟಿಲ್ಲದಿದ್ದರೂ, ಗುಂಡಿಲ್ಲದಿದ್ದರೂ, ಷಡ್ಡಕ ಸತ್ತರೂ ಉಳಿದಿದ್ದ ಮರ್ಯಾದೆ ಒಂದು ರಾತ್ರಿಯಲ್ಲಿ ಹೋಯಿತು.

ಬೇಗ ಬರೆ.

ದ್ಯಾಮಮ್ಮ


ಕಡೂರು
29-3-1983

ದ್ಯಾಮಿ,

ಬರೆಯುವುದು ತಡವಾಯಿತು. ಮನೆಯಲ್ಲಿ ನೆಂಟರು. ಚಿಕ್ಕಪ್ಪನವರೂ ಬಂದಿದ್ದರು, ಹಾಗೇ ಸುಮ್ಮನೆ, ಮಂಡಿಯ ಕೆಲಸಕ್ಕೆ.

ಒಳ್ಳೆಯ ಸುದ್ದಿ ಅಂದರೆ ನಿನಗೋಸ್ಕರ ಹಿತ್ತಲಿಗೆ ನಲ್ಲಿ ಹಾಕಿಸುತ್ತಿದ್ದೇನೆ. ಸೇದುವ ಕಷ್ಟವೇ ಇಲ್ಲ. ನಿಮ್ಮವ್ವನಿಗೂ ಕಣ್ಣು ಕಾಣುವುದಿಲ್ಲ, ತೆರೆದ ಬಾವಿ ಇರುವ ಹಿತ್ತಲು ಎಷ್ಟು ಅಪಾಯ ಅಂತ ಯಜಮಾನರೇ ಹೇಳಿದರು. ಉಗ್ರಪ್ಪನೂ ವಾಪಸ್ಸು ಬರಲು ಒಪ್ಪಿದ್ದಾನೆ. ಈ ಸಲ ಖಂಡಿತ ಮುಗಿಸುತ್ತಾನಂತೆ.

ಈಗ ಸ್ಕೂಲಿಗೆ ಬೇಸಿಗೆ ರಜೆ ಬರುತ್ತದೆ, ನೀನು ಸುಮ್ಮನೆ ಬಿಸಿಲಲ್ಲಿ ಅಲೆಯಬೇಡ. ಮುಗಿದ ಮೇಲೆ ನಾನೇ ಬರೆಯುತ್ತೇನೆ.

ಮಲ್ಲಿಕಾಂಬ


ಅಜ್ಜಂಪುರ
11-4-1983

ಮಲ್ಲಿಕಾಂಬ,

ಬಿಸಿಲಲ್ಲಿ ಅಲೆಯಬೇಡ ಅಂದದ್ದಕ್ಕೇ ಹೋದೆ.

ಬಾವಿಯ ನಿನ್ನ ಅರ್ಧಕ್ಕೆ ಚಪ್ಪಡಿ ಎಳೆದು ಸುತ್ತ ಗಾರೆ ಮಾಡಿದ್ದಾರೆ. ರಾಟೆಯ ಕಂಬ ಕಿತ್ತಿದ್ದಾರೆ. ಒಂದು ಕಿಟಕಿಯನ್ನು ನೆಟ್ಟಗೆ ನಿಲ್ಲಿಸಲಾಗದವನು ಇದನ್ನು ಒಂದೇ ಬೆಳಗಿನಲ್ಲಿ ಮುಗಿಸಿದನಂತೆ, ಯಲ್ಲಮ್ಮ ಹೇಳಿದಳು. ಇದಕ್ಕೆ ಸಿಮೆಂಟು ಸಿಕ್ಕಿದೆ. ಶಿವನಿಯಲ್ಲಿ ಬಿಟ್ಟ ತೂಕದ ಗುಂಡೂ ಸಿಕ್ಕಿದೆ. ಚಪ್ಪಡಿ ಎಷ್ಟು ಮಟ್ಟಸವಾಗಿ ಕೂತಿದೆ ಅಂದರೆ ಅದರ ಮೇಲೆ ನೀರು ಚೆಲ್ಲಿದರೆ ಯಾವ ಕಡೆಗೂ ಹರಿಯುವುದಿಲ್ಲ. ನಿನ್ನ ಮನೆಯಲ್ಲಿ ನೆಟ್ಟಗೆ ಆಗಿರುವ ಕೆಲಸ ಇದೊಂದೇ.

ಉಗ್ರಪ್ಪ ಸಿಕ್ಕಿದ. "ಯಾರು ಮುಚ್ಚು ಅಂದದ್ದು?" ಅಂದೆ.

"ತೀರ್ಥಪ್ಪೋರು ಹೇಳಿದ್ರು."

"ಮನೆ ತೀರ್ಥಪ್ಪೋರದಾ?"

"ಕಡೂರಿನ ಯಜಮಾನ್ರೂ ಹೇಳಿದ್ರು."

"ಮನೆ ಯಜಮಾನ್ರದಾ?"

"ಅಮ್ಮೋರೂ ಹೂಂ ಅಂದ್ರಲ್ಲ. ನಂಗ್ಯಾಕೆ ಗದರ್ತೀಯ, ಅವ್ರನ್ನೇ ಕೇಳ್ಕ."

ಕೇಳುತ್ತಿದ್ದೇನೆ.

ನಲ್ಲಿಯ ವಿಷಯ. ತರೀಕೆರೆಯಲ್ಲಿ ಏಪ್ರಿಲ್ ತಿಂಗಳು ನಲ್ಲಿಯಲ್ಲಿ ಏನು ಬರುತ್ತದೆ ಅಂತ ನಿನ್ನ ಚಿಕ್ಕಮ್ಮನನ್ನು ವಿಚಾರಿಸು. ಗಾಳಿ ಬರುತ್ತದೆ. ನೀರಿಲ್ಲದ ಮನೆಗೆ ಕುರುಡು ಅವ್ವನನ್ನು ಕರೆತಂದು, ಬೀದಿಯವರ ಮುಂದೆ ಕೊಡ ಹಿಡಿದು ನಿಂತು, ಯಾರಾದರೂ ಎತ್ತರದಿಂದ ಸುರಿಯಲಿ ಅಂತ ಕಾಯಬೇಕು. ಅದನ್ನು ನಮ್ಮವ್ವ ಅವಳ ಕಾಲದಲ್ಲಿ ಸಾಕಷ್ಟು ಮಾಡಿದ್ದಾಳೆ. ನಾನು ಓದಿದ್ದು ಅದನ್ನೇ ಸಿಮೆಂಟು ನೆಲದ ಮೇಲೆ ನಿಂತು ಮಾಡುವುದಕ್ಕಲ್ಲ.

ನಮ್ಮವ್ವನ ಕಣ್ಣಿನ ನೆಪ ಹೇಳಬೇಡ. ಅವಳು ಬೀಳುತ್ತಾಳೆ ಅನ್ನುವ ಭಯ ನಿಮಗಿಲ್ಲ. ಅವಳ ಬಿಂದಿಗೆ ಬೀಳುತ್ತದೆ ಅನ್ನುವ ಭಯ. ಮನೆ ಕೊಡುವುದಿಲ್ಲ ಅಂದಿದ್ದರೆ ನೀನೂ ಊರಿನವರಲ್ಲಿ ಒಬ್ಬಳು ಅಂತ ಸುಮ್ಮನಾಗುತ್ತಿದ್ದೆ. ನನ್ನ ಕೈಲೇ ಮನೆ ಕಟ್ಟಿಸಿ, ನನ್ನ ಮುಖಕ್ಕೇ ಚಪ್ಪಡಿ ಹಾಕಿಸಿದೆ. ಊರಿನವರಿಗೆ ಇಷ್ಟು ಬುದ್ಧಿ ಇರಲಿಲ್ಲ.

ದ್ಯಾಮಮ್ಮ


ಕಡೂರು
18-5-1983

ದ್ಯಾಮಿ,

ಬರೆದು ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಮಾರ್ಚಿನಲ್ಲಿ ಚಿಕ್ಕಪ್ಪ ಬಂದಿದ್ದ ದಿನ ಅವರು, ಯಜಮಾನರು ಇಬ್ಬರೂ ಬಸವಣ್ಣನ ಪಟದ ಕೆಳಗೆ ಕೂತಿದ್ದರು. ಉಗ್ರಪ್ಪ ಬಾಗಿಲಲ್ಲಿ ನಿಂತಿದ್ದ. "ನಲ್ಲಿ ಹಾಕ್ಸಿಕೊಟ್ರೆ ಯಾರ್ಗೂ ನೋವಿಲ್ಲವಲ್ಲ" ಅಂದರು ಯಜಮಾನರು. ಮೂವರೂ ನನ್ನ ಕಡೆ ನೋಡಿದರು. ನಾನು ಕಾಫಿ ಹಿಡಿದು ನಿಂತಿದ್ದೆ. ಹೂಂ ಅಂದೆ. ಇದಕ್ಕೆ ಬೇರೆ ಬಣ್ಣ ಹಚ್ಚುವುದಿಲ್ಲ.

ಹೋದ ವಾರ ಚಿಕ್ಕಪ್ಪ ಮತ್ತೆ ಬಂದರು. "ಬಾವಿ ಇಲ್ಲದ ಮನೆಗೆ ಯಾರ್ ಬತ್ತಾರೆ ಮಗಾ, ನಾನೇ ತಗೊಂಡು ಒಂದ್ಮಾಡ್ಕತ್ತೀನಿ, ಬಿಡು" ಅಂದರು. ಅವರಿಗೆ ಮೊದಲಿನಿಂದಲೂ ಬೇಕಾಗಿದ್ದದ್ದು ಅದೇ. ನಿನ್ನ ಜಾತಿ ಅವರ ಕೈಗೆ ಹಾರೆಯಂತೆ ಸಿಕ್ಕಿತು, ನನ್ನ ಮನೆಯನ್ನು ಮೀಟುವುದಕ್ಕೆ. ಯಜಮಾನರು ಆಗಲೇ ಕರಾರಿನ ಮಾತಾಡುತ್ತಿದ್ದರು. ಮಾರುವುದಿಲ್ಲ ಅಂದೆ. ಮತ್ತೆ ಕೇಳಿದರು, ಮತ್ತೆ ಅದನ್ನೇ ಅಂದೆ. ಇಷ್ಟು ಜೋರಾಗಿ ನಾನು ಈ ಮನೆಯಲ್ಲಿ ಮಾತಾಡಿದ್ದು ಇದೇ ಮೊದಲು.

ಚಪ್ಪಡಿ ತೆಗೆಸಲು ಮೇಸ್ತ್ರಿಗಳನ್ನು ಕೇಳಿದೆ. ಕಡೂರಿನಲ್ಲಿ, ಬೀರೂರಿನಲ್ಲಿ. ಎಲ್ಲರದೂ ಒಂದೇ ಮಾತು. ಅದು ಉಗ್ರಪ್ಪ ಕೈ ಹಾಕಿದ ಮನೆ. ಉಗ್ರಪ್ಪನನ್ನೇ ಕೇಳಿದೆ. ಅವನ ಷಡ್ಡಕ ಮತ್ತೆ ಸತ್ತಿದ್ದಾನೆ.

ಅಜ್ಜಂಪುರದ ಬಸ್ಸಿನ ಕಂಡಕ್ಟರ್ ಲಕ್ಕಣ್ಣನ ಕೈಲಿ ಬೀಗದ ಕೈ ಕಳಿಸಿದ್ದೇನೆ. ಬಾ ಅನ್ನಲು ನನಗೆ ಮುಖವಿಲ್ಲ. ಬೇಡ ಅನ್ನಿಸಿದರೆ ಅವನ ಕೈಲೇ ವಾಪಸ್ಸು ಕಳಿಸು.

ಮಲ್ಲಿಕಾಂಬ


ಅಜ್ಜಂಪುರ
23-5-1983

ಮಲ್ಲಿ,

ಬೀಗದ ಕೈ ಸಿಕ್ಕಿತು. ವಾಪಸ್ಸು ಕಳಿಸುವುದಿಲ್ಲ. ನಿನ್ನ ಕಾಗದ ಓದಿ ಮನಸ್ಸು ಕರಗಿತು ಅಂದುಕೊಳ್ಳಬೇಡ. ಜೂನ್ ಬಂತು, ನನಗೆ ವಿಳಾಸ ಬೇಕು.

ಚಪ್ಪಡಿ ಎತ್ತುವುದಕ್ಕೆ ಮೇಸ್ತ್ರಿ ಹುಡುಕುತ್ತಾ ಕೂತಿದ್ದೀಯಲ್ಲ, ನಿನಗೆ ಏನನ್ನಬೇಕು. ಯಲ್ಲಮ್ಮನಿಗೆ ಹೇಳಿದರೆ ನಕ್ಕಳು. "ಕಟ್ಟಾಕೆ ತಾನೆ ಅಕ್ಕಾ ಮೇಸ್ತ್ರಿ ಬೇಕಾಗಿರೋದು. ಕೀಳಾಕೆ ಯಾಕೆ?" ಅಂದಳು. ಬರುವ ಭಾನುವಾರ ನಾನು, ಅವಳು ಹಾರೆ ಹಿಡಿದು ಬರುತ್ತೇವೆ. ಬೆಳಗ್ಗೆ, ನಿನ್ನ ಚಿಕ್ಕಮ್ಮ ನೀರು ಸೇದುವ ಹೊತ್ತಿಗೆ. ಇದು ಕದ್ದು ಮಾಡುವ ಕೆಲಸವಲ್ಲ.

ನಮ್ಮ ಕೇರಿಯ ಸಂಘದ ಹುಡುಗರು ನಾವೂ ಬರುತ್ತೇವೆ ಅಂದರು. ಬೇಡ ಅಂದೆ. ಅವರು ಬಂದರೆ ಘೋಷಣೆ, ಪೊಲೀಸು, ಬೀದಿ ತುಂಬ ಜನ. ನಿನ್ನ ಚಿಕ್ಕಪ್ಪ ಕಾಯುತ್ತಿರುವುದೇ ಅದಕ್ಕೆ. ಆದರೆ ಒಂದು ತಿಳಿದುಕೋ. ಖಾತೆ ನಿನ್ನ ಹೆಸರಿನಲ್ಲಿದೆ. ನಿನ್ನ ಬಾವಿಯ ಮೇಲಿನ ಕಲ್ಲನ್ನು ನೀನು ನಿಂತು ಎತ್ತಿಸಿದರೆ ಅದು ರಿಪೇರಿ. ನಾನೂ ಯಲ್ಲಮ್ಮನೂ ಎತ್ತಿದರೆ ಅದು ಕೇಸು.

ಆದ್ದರಿಂದ ನೀನು ಬರಬೇಕು. ಚೀಟಿ ಕಳಿಸಬೇಡ, ಲಕ್ಕಣ್ಣನ ಕೈಲಿ ಹೇಳಿ ಕಳಿಸಬೇಡ. ನೀನು ಬರದಿದ್ದರೂ ನಾವು ಎತ್ತುತ್ತೇವೆ. ಆಮೇಲೆ ಸ್ಟೇಷನ್ನಿನಲ್ಲಿ ಯಾರ ಮನೆ, ಯಾರು ಹೇಳಿದ್ದು ಅಂತ ಕೇಳಿದಾಗ ಏನು ಹೇಳಬೇಕು ಅನ್ನುವುದನ್ನು ಮಾತ್ರ ಬರೆದು ತಿಳಿಸು.

ದ್ಯಾಮಮ್ಮ


ಕಡೂರು
2-6-1983

ದ್ಯಾಮಿ,

ಭಾನುವಾರ ಚಪ್ಪಡಿ ಎತ್ತಿದ್ದಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿವೆ. ಪೆನ್ನು ಹಿಡಿಯುವುದು ಕಷ್ಟ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಚಿಕ್ಕಪ್ಪ ಗೋಡೆಯ ಆಚೆಯಿಂದ ನನ್ನ ಹೆಸರು ಹಿಡಿದು ಕೂಗಿದಾಗ ನನ್ನ ಕೈ ನಿಂತಿತು, ನೀನು ನೋಡಿದೆ. ಯಲ್ಲಮ್ಮ "ಅವ್ವಾ, ಈಗ ಕೈ ಬಿಟ್ರೆ ಕಲ್ಲು ನನ್ ಕಾಲ್ಮೇಲೆ ಬೀಳ್ತದೆ" ಅಂದಳು. ಇಲ್ಲದಿದ್ದರೆ ಬಿಟ್ಟುಬಿಡುತ್ತಿದ್ದೆನೋ ಏನೋ. ಇವತ್ತಿಗೂ ನನಗೆ ಗೊತ್ತಿಲ್ಲ.

ಯಜಮಾನರು ಮಾತು ಬಿಟ್ಟಿದ್ದಾರೆ. ಊಟವನ್ನು ಮಂಡಿಗೇ ತರಿಸಿಕೊಳ್ಳುತ್ತಾರೆ. ಅತ್ತೆ ಮೊದಲ ದಿನ "ಕಲ್ಲು ಹೊರೋ ಕಸುಬು ಕಲ್ತು ಬಂದ್ಲು ಮಹಾರಾಯ್ತಿ" ಅಂತ ಬೀದಿಗೆ ಕೇಳುವ ಹಾಗೆ ಬೈದರು. ನಿನ್ನೆ ಕೈಗೆ ಬೆಣ್ಣೆ ಸವರುತ್ತಾ, ಮೆಲ್ಲಗೆ, "ತುಂಬ ಭಾರ ಇತ್ತೇನೇ?" ಅಂತ ಕೇಳಿದರು.

ಇತ್ತು ಅಂದೆ.

ನಿಮ್ಮವ್ವ ಪಾಪಮ್ಮನವರು ಒಳಗೆ ಬಂದು ಗೋಡೆ ಮುಟ್ಟಿ ಮುಟ್ಟಿ ನೋಡುತ್ತಿದ್ದರಲ್ಲ, ಅದು ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತು ನನಗೆ ಊಟಕ್ಕೆ ನಿಲ್ಲು ಅಂತ ನೀನು ಹೇಳಲಿಲ್ಲ. ನಾನೂ ನಿಲ್ಲಲಿಲ್ಲ.

ಮಲ್ಲಿಕಾಂಬ


ತರೀಕೆರೆ
19-7-1983

ಮನೆ ಮಾಲೀಕರಾದ ಮಲ್ಲಿಕಾಂಬನವರಿಗೆ,

ಬಾಡಿಗೆದಾರಳ ದೂರು. ನಡುಮನೆ ಮೂರು ಕಡೆ ಸೋರುತ್ತಿದೆ. ಮುಂದಿನ ಕಿಟಕಿ ಮುಚ್ಚುವುದಿಲ್ಲ, ಹಗ್ಗದಲ್ಲಿ ಕಟ್ಟಿದ್ದೇನೆ. ಬಚ್ಚಲ ನೀರು ಹೊರಗೆ ಹೋಗುವ ಬದಲು ಅಡುಗೆಮನೆಗೆ ಬರುತ್ತದೆ. ನಿನ್ನ ಮನೆಯೇ ನನ್ನನ್ನು ಬಾಡಿಗೆಗೆ ಇಟ್ಟುಕೊಂಡಿದೆ ಅನ್ನುವ ಹಾಗೆ ಅದರ ಚಾಕರಿ ಮಾಡುತ್ತಿದ್ದೇನೆ. ಸೋರುವುದನ್ನು ನಿಲ್ಲಿಸುವವರೆಗೆ ಬಾಡಿಗೆ ನಿನ್ನ ಕೈಗೆ ಬರುವುದಿಲ್ಲ. ಸ್ನೇಹ ಬೇರೆ, ಹೆಂಚು ಬೇರೆ.

ಹೆಡ್‌ಮಾಸ್ತರಿಗೆ ವಿಳಾಸ ಕೊಟ್ಟೆ. ಎರಡು ಸಲ ಓದಿದರು. "ತೀರ್ಥಪ್ಪನವರ ಪಕ್ಕದ ಮನೆಯಾ?" ಅಂದರು. "ಅವರು ನನ್ನ ಪಕ್ಕದ ಮನೆ" ಅಂದೆ. ಲಿಂಗದಹಳ್ಳಿಯ ಮಾತು ಮತ್ತೆ ಬಂದಿಲ್ಲ.

ನಿನ್ನ ಚಿಕ್ಕಪ್ಪನ ಸುದ್ದಿ ಕೇಳು. ನಮ್ಮ ಜೊತೆ ನೀರು ಬೇಡ ಅಂತ ಅವರ ಅರ್ಧಕ್ಕೆ ಅವರೇ ಚಪ್ಪಡಿ ಹಾಕಿಸಿ, ಮುಂದಿನ ಅಂಗಳದಲ್ಲಿ ಹೊಸ ಬಾವಿ ತೋಡಿಸುವ ಏರ್ಪಾಡಾಯಿತು. ಹಾಗೇ ಹಿಂದಿನ ಮಾಡನ್ನೂ ಸರಿ ಮಾಡಿಸೋಣ ಅಂದುಕೊಂಡರು. ಮೇಸ್ತ್ರಿ ಯಾರು ಅಂದುಕೊಂಡೆ? ಉಗ್ರಪ್ಪ. ಬಂದ ದಿನವೇ ಅಡುಗೆಮನೆಯ ಹೆಂಚಿಳಿಸಿದ, ಬಾವಿಯ ಕಟ್ಟೆ ಒಡೆದು ಕಲ್ಲುಗಳನ್ನು ಬಾಯಿಯ ಸುತ್ತ ಗುಡ್ಡೆ ಹಾಕಿದ, ರಾಟೆಯ ಕಂಬ ಕಿತ್ತ. ಹೊಸ ಬಾವಿಗೆ ಮೊಣಕಾಲುದ್ದ ಗುಂಡಿ ತೋಡಿದ. ಆಮೇಲೆ ಅವನ ಸುಳಿವಿಲ್ಲ, ಅವರಿಗೆ ಹಳೆ ಬಾವಿಯಲ್ಲಿ ಸೇದುವುದಕ್ಕೂ ದಾರಿಯಿಲ್ಲ. ತೀರ್ಥಪ್ಪನವರು ಬೇರೆ ಮೇಸ್ತ್ರಿಗಳನ್ನು ಕರೆದರು. ಹೆಂಚಿಳಿಸಿದ್ದು ಯಾರು ಅಂತ ಕೇಳಿ, ಕಾಫಿ ಕುಡಿದು, ಎಲ್ಲರೂ ಎದ್ದು ಹೋದರು. ನಲ್ಲಿಯಲ್ಲಿ ಬರುವುದು ಕೆಂಪು ನೀರು. ಅದರಲ್ಲಿ ಅನ್ನ ಮಾಡಲಾಗುವುದಿಲ್ಲ.

ಈಗ, ಇವತ್ತು ಬೆಳಗ್ಗೆ, ನಿನ್ನ ಚಿಕ್ಕಮ್ಮ ವಿಮಲಮ್ಮ ಖಾಲಿ ಕೊಡ ಹಿಡಿದು ನಮ್ಮ ಜಗಲಿಯ ಕೆಳಗೆ ಬಂದು ನಿಂತರು. ತಲೆ ಮೇಲೆ ಗೋಣಿಚೀಲ. ಮೊದಲು ಮಳೆಯ ಮಾತಾಡಿದರು. ಆಮೇಲೆ ಉಗ್ರಪ್ಪನಿಗೆ ಶಾಪ ಹಾಕಿದರು, ಅದಕ್ಕೆ ನಾನೂ ದನಿಗೂಡಿಸಿದೆ. ಕೊನೆಗೆ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ, "ನಿಮ್ ಕಡೆ ಬಾವಿ ಚೆನ್ನಾಗೈತಲ್ಲ ಟೀಚರಮ್ಮ. ನಾನೇ ಸೇದ್ಕಂಡು ಹೋಗ್ತೀನಿ, ನೀವೇನೂ ಮುಟ್ಟೋದ್ ಬ್ಯಾಡ" ಅಂದರು.

"ಸೇದ್ಕಳಿ" ಅಂದೆ. "ಆದ್ರೆ ಈ ಮನೇಲಿ ಹಿತ್ತಲಿಗೆ ಬೇರೆ ದಾರಿ ಇಲ್ಲ. ನಡುಮನೆ ದಾಟಿ, ಅಡುಗೆಮನೆ ಒಳಗಿಂದ್ಲೇ ಹೋಗ್ಬೇಕು. ನಮ್ಮವ್ವ ಒಲೆ ಮುಂದೆ ಕೂತೌಳೆ, ನೋಡ್ಕಂಡು ಕಾಲಿಡಿ."

ಅವರು ನಿಂತರು. ನಾನು ಬೇಡ ಅನ್ನಲಿಲ್ಲ. ಕೊಡ ಇಸಿದುಕೊಂಡು ತುಂಬಿಕೊಡುತ್ತೇನೆ ಅಂತಲೂ ಅನ್ನಲಿಲ್ಲ. ಬಾಗಿಲು ಪೂರಾ ತೆಗೆದಿಟ್ಟು ಒಳಗೆ ಬಂದು, ಸೋರುವ ಕಡೆ ಪಾತ್ರೆಗಳನ್ನಿಟ್ಟು, ನಿನಗೆ ಈ ಕಾಗದ ಬರೆಯಲು ಕೂತೆ. ಸ್ಕೂಲಿಗೆ ಇನ್ನೂ ಹೊತ್ತಿದೆ. "ಯಾರೇ ಅದು, ಬಾಗಿಲಲ್ಲಿ?" ಅಂತ ಅವ್ವ ಕೇಳುತ್ತಿದ್ದಾಳೆ. ಪಕ್ಕದ ಮನೆಯವರು ಅಂದೆ. "ಒಳಗೆ ಬನ್ನಿ ತಾಯಿ, ಮಳೆ" ಅಂದಳು.

ಈಗ ಹೊಸಿಲ ಹತ್ತಿರ ಕೊಡ ಕೆಳಗಿಟ್ಟ ಸದ್ದಾಯಿತು. ಒಳಗಿಟ್ಟರೋ ಹೊರಗಿಟ್ಟರೋ, ಎದ್ದು ನೋಡಬೇಕು.

ದ್ಯಾಮಮ್ಮ